ಸ್ಥಲ ಮತ್ತು ಅಂಕಿತ: ಚಿತ್ರದುರ್ಗ ಸೀಮೆಯ ಗೋಷ್ಠಿ ಪರಂಪರೆಯಲ್ಲಿ ವರ್ಗೀಕರಣದ ಪ್ರಶ್ನೆ

1. ಪ್ರಸ್ತಾವನೆ

ಕನ್ನಡದ ಬೌದ್ಧಿಕ ಪರಂಪರೆಯಲ್ಲಿ ಗೋಷ್ಠಿ ಎಂಬುದು ಪ್ರಾಚೀನವಾದ ಸಂಸ್ಥೆ. ಹಲವರು ಒಂದೆಡೆ ಕೂಡಿ, ಒಂದು ವಿಷಯವನ್ನು ಹಿಡಿದು, ಪ್ರಶ್ನೋತ್ತರಗಳ ಮೂಲಕ ಅದನ್ನು ಶೋಧಿಸುವ ಕ್ರಮಕ್ಕೆ ಹನ್ನೆರಡನೆಯ ಶತಮಾನದ ಶರಣರ ಚಳವಳಿ ಒಂದು ನಿರ್ದಿಷ್ಟ ರೂಪವನ್ನು ನೀಡಿತು. ಈ ಗೋಷ್ಠಿಗಳ ಆಶಯ, ಅವುಗಳ ಸಾಮಾಜಿಕ ಮಹತ್ವ ಹಾಗೂ ಅವುಗಳ ಚಾರಿತ್ರಿಕತೆಯನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಆದರೆ ಗೋಷ್ಠಿ ನಡೆಯಬೇಕಾದರೆ ಮಾತುಗಳನ್ನು ಯಾವುದೋ ಒಂದು ಕ್ರಮದಲ್ಲಿ ವಿಂಗಡಿಸಬೇಕಾಗುತ್ತದೆ, ಯಾವ ಮಾತು ಯಾವ ಶೀರ್ಷಿಕೆಯ ಅಡಿಯಲ್ಲಿ ಬರಬೇಕೆಂಬುದನ್ನು ಯಾರಾದರೊಬ್ಬರು ನಿರ್ಧರಿಸಬೇಕಾಗುತ್ತದೆ ಎಂಬ ಸಂಗತಿಯ ಕಡೆಗೆ ವಿಮರ್ಶೆಯ ಗಮನ ಅಷ್ಟಾಗಿ ಹರಿದಿಲ್ಲ.

ಈ ಪ್ರಶ್ನೆ ಒಂದೇ ಸಭೆಗೆ ಸೀಮಿತವಾಗಿದ್ದರೆ ಅಷ್ಟು ಜಟಿಲವಾಗುತ್ತಿರಲಿಲ್ಲ. ಸಭೆಯ ಅಧ್ಯಕ್ಷನ ತೀರ್ಮಾನವೇ ಅಂತಿಮವೆಂದು ಹೇಳಿ ಮುಗಿಸಬಹುದಾಗಿತ್ತು. ಕಲ್ಯಾಣದ ನಂತರದ ಶತಮಾನಗಳಲ್ಲಿ ಶರಣರ ಮಾತುಗಳು ಒಂದು ಪೀಠದ ಅಧೀನದಲ್ಲಿ ಉಳಿಯಲಿಲ್ಲ. ಅವು ನಾಡಿನ ಹಲವು ಮಠಗಳಿಗೆ, ಹಲವು ಸಮಯಗಳಿಗೆ, ಹಲವು ಓಲೆಗರಿಯ ಕಟ್ಟುಗಳಿಗೆ ಹಂಚಿಹೋದವು. ಪ್ರತಿಯೊಂದು ಮಠವೂ ಸ್ವತಂತ್ರ. ಪ್ರತಿಯೊಬ್ಬ ಸಂಕಲನಕಾರನೂ ತನ್ನ ಗುರುಪರಂಪರೆಗೆ ಮಾತ್ರ ಉತ್ತರದಾಯಿ. ಆದರೂ ಎಲ್ಲರ ಕೈಯಲ್ಲಿದ್ದುದು ಒಂದೇ ವಚನರಾಶಿ. ಕೇಂದ್ರಾಧಿಕಾರವಿಲ್ಲದ ಇಂಥ ಒಕ್ಕೂಟದಲ್ಲಿ ಚರ್ಚೆಯ ವರ್ಗಗಳನ್ನು ಯಾರು ನಿರ್ಣಯಿಸಿದರು, ಆ ನಿರ್ಣಯದಿಂದ ಯಾರ ಧ್ವನಿಗೆ ಸ್ಥಾನ ದೊರೆಯಿತು, ಯಾರ ಧ್ವನಿ ಅಂಚಿಗೆ ಸರಿಯಿತು ಎಂಬುದು ಈ ಲೇಖನದ ವಿಚಾರ್ಯ ವಿಷಯ.

ಈ ವಿಚಾರಕ್ಕೆ ಚಿತ್ರದುರ್ಗ ಸೀಮೆಯನ್ನು ಆಯ್ದುಕೊಳ್ಳಲು ಕಾರಣವಿದೆ. ಅಲ್ಲಮಪ್ರಭುವಿನ ಶೂನ್ಯಪೀಠದ ಪರಂಪರೆಗೆ ಸೇರಿದುದೆಂದು ಹೇಳಿಕೊಳ್ಳುವ ಮುರುಘರಾಜೇಂದ್ರ ಬೃಹನ್ಮಠ ಚಿತ್ರದುರ್ಗದಲ್ಲಿದೆ. ಮರುಳಸಿದ್ಧನ ಪರಂಪರೆಯ ತರಳಬಾಳು ಬೃಹನ್ಮಠ ಅದೇ ತಾಲ್ಲೂಕಿನ ಸಿರಿಗೆರೆಯಲ್ಲಿದೆ. ಅದರ ಶಾಖಾಮಠವಾದ ಸಾಣೇಹಳ್ಳಿ ಹೊಸದುರ್ಗ ತಾಲ್ಲೂಕಿಗೆ ಸೇರಿದೆ. ಹೊಳಲ್ಕೆರೆ ತಾಲ್ಲೂಕಿನ ನುಲೇನೂರನ್ನು ಸ್ಥಳೀಯ ಪರಂಪರೆಯು ನುಲಿಯ ಚಂದಯ್ಯನ ಐಕ್ಯಸ್ಥಳವೆಂದು ಗುರುತಿಸುತ್ತದೆ. ಹಿರಿಯೂರು ಭಾಗದ ಗೊಲ್ಲರಹಟ್ಟಿಗಳಲ್ಲಿ ಬರಹದ ಆಸರೆಯಿಲ್ಲದೆ ನಡೆದುಬಂದ ಕಟ್ಟೆಮನೆಯ ವ್ಯವಸ್ಥೆ ಇದೆ. ಹೀಗೆ ಲಿಖಿತವೂ ಮೌಖಿಕವೂ ಆದ ಹಲವು ಬಗೆಯ ಗೋಷ್ಠಿಗಳು ಒಂದೇ ಸೀಮೆಯಲ್ಲಿ ನೆರೆಹೊರೆಯಾಗಿ ಬದುಕಿವೆ.

2. ಸ್ಥಲಕಟ್ಟು: ವಿಂಗಡಣೆಯ ಮೊದಲ ಹಂತ

ವಚನಗಳು ಹುಟ್ಟಿದಾಗ ಅವುಗಳಿಗೆ ಶೀರ್ಷಿಕೆಗಳಿರಲಿಲ್ಲ. ಪ್ರತಿಯೊಂದು ವಚನವೂ ತನ್ನಷ್ಟಕ್ಕೆ ತಾನು ಪೂರ್ಣವಾದ ಮುಕ್ತಕ. ಅದರ ಕೊನೆಯಲ್ಲಿ ಅಥವಾ ನಡುವೆ ಬರುವ ಅಂಕಿತವೊಂದೇ ಅದರ ಕರ್ತೃವನ್ನು ಸೂಚಿಸುವ ಗುರುತು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಚಂದೇಶ್ವರಲಿಂಗ ಎಂಬ ಹೆಸರುಗಳು ದೈವದ ಸಂಬೋಧನೆಯೂ ಹೌದು, ಮಾತಾಡಿದವರ ಮುದ್ರೆಯೂ ಹೌದು.

ಹದಿನೈದನೆಯ ಶತಮಾನದಲ್ಲಿ, ವಿಶೇಷವಾಗಿ ವಿಜಯನಗರದ ಇಮ್ಮಡಿ ದೇವರಾಯನ (1424–1446) ಕಾಲದಲ್ಲಿ, ಈ ಬಿಡಿ ಮಾತುಗಳನ್ನು ಕಲೆಹಾಕಿ ಕಟ್ಟುವ ಕಾರ್ಯ ವ್ಯಾಪಕವಾಗಿ ನಡೆಯಿತು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳು ವಿಂಗಡಣೆಯ ಮೂಲ ಚೌಕಟ್ಟಾದವು. ಜಕ್ಕಣಾರ್ಯನ ‘ಏಕೋತ್ತರ ಶತಸ್ಥಲ’ದಂಥ ಕೃತಿಗಳಲ್ಲಿ ಈ ಚೌಕಟ್ಟು ನೂರೊಂದು ಸ್ಥಲಗಳವರೆಗೆ ವಿಸ್ತರಿಸಿತು. ಹೀಗೆ ಸ್ಥಲಾನುಕ್ರಮವಾಗಿ ಜೋಡಿಸಿದ ಹಸ್ತಪ್ರತಿಗಳು ‘ಸ್ಥಲಕಟ್ಟಿನ ವಚನ’ಗಳೆಂದು ಪ್ರಸಿದ್ಧವಾದವು.

ಈ ವ್ಯವಸ್ಥೆಯ ಉಪಯುಕ್ತತೆ ನಿರ್ವಿವಾದ. ಸಾಧಕನೊಬ್ಬನಿಗೆ ತನ್ನ ಸಾಧನೆಯ ಹಂತಕ್ಕೆ ತಕ್ಕ ಮಾತುಗಳು ಒಂದೆಡೆ ದೊರೆತವು. ಮಠಗಳಲ್ಲಿ ಪಾಠಪ್ರವಚನಗಳಿಗೆ ಒಂದು ಕ್ರಮ ಒದಗಿತು. ಚೆದುರಿ ನಾಶವಾಗಬಹುದಾಗಿದ್ದ ಸಾವಿರಾರು ವಚನಗಳು ಉಳಿದವು. ಆದರೆ ಸ್ಥಲದ ನಿರ್ಣಯ ವಚನಕಾರನದಲ್ಲ, ಸಂಕಲನಕಾರನದು ಎಂಬುದನ್ನು ಮರೆಯಲಾಗದು. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ಸ್ಥಲದಲ್ಲಿಯೂ ಮತ್ತೊಂದು ಕಟ್ಟಿನಲ್ಲಿ ಬೇರೊಂದು ಸ್ಥಲದಲ್ಲಿಯೂ ಕಾಣಿಸಿಕೊಳ್ಳುವುದು ಹಸ್ತಪ್ರತಿಗಳನ್ನು ಬಲ್ಲವರಿಗೆ ಹೊಸದಲ್ಲ. ಅರಸೊತ್ತಿಗೆಯ ವಿರುದ್ಧದ ಸಿಟ್ಟಿನಲ್ಲಿ ಹುಟ್ಟಿದ ಮಾತು ಭಕ್ತಸ್ಥಲದ ಅಡಿಯಲ್ಲಿ ಬಂದಾಗ ವೈಯಕ್ತಿಕ ವಿನಯದ ಮಾತಾಗಿ ಕೇಳಿಸಬಹುದು. ಅದೇ ಮಾತು ಮಹೇಶಸ್ಥಲದಲ್ಲಿ ಬಂದರೆ ನಿಷ್ಠೆಯ ಛಲವಾಗಿ ಕೇಳಿಸಬಹುದು. ಒಂದು ಅಕ್ಷರವನ್ನೂ ಬದಲಿಸದೆ ಅರ್ಥದ ದಿಕ್ಕನ್ನು ಬದಲಿಸುವ ಶಕ್ತಿ ವರ್ಗೀಕರಣಕ್ಕಿದೆ.

ಇಷ್ಟಾದರೂ ಈ ಪರಂಪರೆಯನ್ನು ಆರೋಗ್ಯಕರವಾಗಿ ಉಳಿಸಿದ ಒಂದು ಅಲಿಖಿತ ನಿಯಮವಿತ್ತು. ಸಂಕಲನಕಾರ ವಚನವನ್ನು ಒಂದು ಸ್ಥಲದಿಂದ ಇನ್ನೊಂದಕ್ಕೆ ಸಾಗಿಸಬಹುದು. ಆದರೆ ಅಂಕಿತವನ್ನು ಮುಟ್ಟುವಂತಿಲ್ಲ. ಅಂಕಿತ ಉಳಿದಷ್ಟು ಕಾಲ ಯಾವ ಕಟ್ಟಿನಿಂದಲಾದರೂ ವಚನವನ್ನು ಬಿಡಿಸಿ ಮತ್ತೆ ಮಾತಾಡಿದವರ ಬಳಿಗೆ ಒಯ್ಯಬಹುದು. ಸ್ಥಲ ವಚನಕ್ಕೆ ಹೊದಿಸಿದ ಬಟ್ಟೆಯಾದರೆ ಅಂಕಿತ ಅದರ ಮೈಮೇಲಿನ ಮಚ್ಚೆ.

3. ಶೂನ್ಯಸಂಪಾದನೆ: ಗೋಷ್ಠಿಯ ನಿರ್ವಹಣೆ

ಸ್ಥಲಕಟ್ಟಿಗಿಂತ ಭಿನ್ನವಾದ ಕ್ರಮವನ್ನು ಶೂನ್ಯಸಂಪಾದನೆ ಅನುಸರಿಸಿತು. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಆರಂಭವಾಗಿ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ಕು ಕೈಗಳಲ್ಲಿ ಅದು ರೂಪುಗೊಂಡಿತು. ಇಲ್ಲಿ ವಿಂಗಡಣೆಯ ಘಟಕ ತತ್ತ್ವವಲ್ಲ, ವ್ಯಕ್ತಿ. ಮುಕ್ತಾಯಕ್ಕನ ಸಂಪಾದನೆ, ಸಿದ್ಧರಾಮಯ್ಯನ ಸಂಪಾದನೆ, ಮಹಾದೇವಿಯಕ್ಕನ ಸಂಪಾದನೆ ಎಂದು ಪ್ರಸಂಗಗಳು ಒಬ್ಬೊಬ್ಬ ಶರಣನ ಅಥವಾ ಶರಣೆಯ ಹೆಸರಿನಲ್ಲಿ ನಿಲ್ಲುತ್ತವೆ. ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದ್ದಿರಬಹುದಾದ ವಚನಗಳನ್ನು ಎದುರುಬದುರಾಗಿ ಇಟ್ಟು, ನಡುವೆ ಗದ್ಯದ ಸೇತುವೆಗಳನ್ನು ಕಟ್ಟಿ, ಸಂವಾದದ ರೂಪಕ್ಕೆ ತಂದದ್ದು ಸಂಪಾದಕರ ಪ್ರತಿಭೆ.

ಈ ಗದ್ಯಸೇತುವೆಗಳನ್ನು ಪ್ರತ್ಯೇಕವಾಗಿ ಓದಿದರೆ ಗೋಷ್ಠಿಯ ನಿಯಂತ್ರಣ ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಮ ಅಧ್ಯಕ್ಷನಾಗಿ ಪ್ರಶ್ನೆಯನ್ನು ಎತ್ತುತ್ತಾನೆ, ಪರೀಕ್ಷಿಸುತ್ತಾನೆ, ಒಪ್ಪುತ್ತಾನೆ. ಆದರೆ ಅವನ ಯಾವ ವಚನ ಪ್ರಶ್ನೆಯಾಗಬೇಕು, ಎದುರಿನವರ ಯಾವ ವಚನ ಉತ್ತರವಾಗಬೇಕು ಎಂಬುದನ್ನು ನಿರ್ಧರಿಸುವವನು ಪಠ್ಯದಲ್ಲಿ ಕಾಣಿಸಿಕೊಳ್ಳದ ಸಂಪಾದಕ. ಅಧ್ಯಕ್ಷನ ಅಧಿಕಾರ ಎಲ್ಲರ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಅದನ್ನು ಪ್ರಶ್ನಿಸಬಹುದು. ಮುಕ್ತಾಯಕ್ಕ ಅಲ್ಲಮನನ್ನು ಪ್ರಶ್ನಿಸುತ್ತಾಳೆ. ಮಹಾದೇವಿಯಕ್ಕ ಅವನ ಪ್ರತಿಯೊಂದು ಪ್ರಶ್ನೆಗೂ ತನ್ನ ನೆಲೆಯಲ್ಲಿಯೇ ನಿಂತು ಉತ್ತರಿಸುತ್ತಾಳೆ. ಸಂಪಾದಕನ ಅಧಿಕಾರ ಕಾಣುವುದಿಲ್ಲವಾದ್ದರಿಂದ ಅದನ್ನು ಪಠ್ಯದ ಒಳಗಿನ ಯಾರೂ ಪ್ರಶ್ನಿಸಲಾರರು.

ಇದಕ್ಕೆ ಪ್ರಬಲವಾದ ನಿದರ್ಶನ ಸಿದ್ಧರಾಮನ ಪ್ರಸಂಗ. ಮಹಾದೇವಯ್ಯನ ಮೊದಲ ಸಂಪಾದನೆಯಲ್ಲಿ ಇಲ್ಲದ ಸಿದ್ಧರಾಮನ ಇಷ್ಟಲಿಂಗದೀಕ್ಷೆಯ ಘಟನೆ ನಂತರದ ಸಂಪಾದನೆಯಲ್ಲಿ ಸೇರಿಕೊಂಡಿತು. ಸೊನ್ನಲಿಗೆಯ ಯೋಗಿಯಾಗಿ, ಕೆರೆ-ದೇಗುಲಗಳನ್ನು ಕಟ್ಟಿಸಿದ ಕರ್ಮಯೋಗಿಯಾಗಿ ತನ್ನದೇ ಸ್ಥಾನದಲ್ಲಿ ನಿಂತಿದ್ದ ಸಿದ್ಧರಾಮನನ್ನು ದೀಕ್ಷೆಯ ಚೌಕಟ್ಟಿನೊಳಗೆ ತರುವ ಅಗತ್ಯ ನಂತರದ ಸಂಪ್ರದಾಯಕ್ಕೆ ಕಂಡಿತು. ಇದು ಸ್ಥಾನಾಂತರವಷ್ಟೇ ಅಲ್ಲ. ಸದಸ್ಯತ್ವದ ಷರತ್ತನ್ನು ಹಿಂದಿನ ಕಾಲಕ್ಕೆ ಅನ್ವಯಿಸಿದ ಕ್ರಿಯೆ. ಗೋಷ್ಠಿಯಲ್ಲಿ ಮಾತಾಡಲು ಅರ್ಹತೆ ಯಾವುದು ಎಂಬ ಪ್ರಶ್ನೆಗೆ ಮೊದಲ ಸಂಪಾದಕ ಅನುಭಾವವೆಂದು ಉತ್ತರಿಸಿದರೆ, ನಂತರದವರು ಅನುಭಾವದ ಜೊತೆಗೆ ದೀಕ್ಷೆಯೂ ಬೇಕೆಂದರು. ಹಲವು ಸಂಪಾದನೆಗಳು ಉಳಿದುಬಂದಿರುವುದರಿಂದಲೇ ಈ ವ್ಯತ್ಯಾಸವನ್ನು ಇಂದು ಗುರುತಿಸಲು ಸಾಧ್ಯವಾಗಿದೆ. ಕೊನೆಯ ಪರಿಷ್ಕರಣವೊಂದೇ ಉಳಿದಿದ್ದರೆ ಅದನ್ನೇ ಚರಿತ್ರೆಯೆಂದು ಭಾವಿಸಬೇಕಾಗುತ್ತಿತ್ತು. ಒಕ್ಕೂಟದ ಸ್ವರೂಪದ ಪರಂಪರೆಯ ದೊಡ್ಡ ಲಾಭ ಇದು: ಒಂದು ಮನೆಯ ತಿದ್ದುಪಡಿಗೆ ಇನ್ನೊಂದು ಮನೆಯ ಪ್ರತಿ ಸಾಕ್ಷಿಯಾಗಿ ನಿಲ್ಲುತ್ತದೆ.

ನಿರ್ವಹಣೆಯ ಇನ್ನೊಂದು ಮಾದರಿಯನ್ನು ನುಲಿಯ ಚಂದಯ್ಯನ ಪ್ರಸಂಗ ನೀಡುತ್ತದೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸುವುದು ಚಂದಯ್ಯನ ಕಾಯಕ. ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ಕಳಚಿ ಬೀಳುತ್ತದೆ. ಅವನು ಅದನ್ನು ಎತ್ತಿಕೊಳ್ಳದೆ ಕಾಯಕವನ್ನು ಮುಂದುವರಿಸುತ್ತಾನೆ. ಲಿಂಗಧಾರಣೆಯನ್ನು ಮೂಲನಿಯಮವಾಗಿ ಒಪ್ಪಿದ ಸಮುದಾಯದಲ್ಲಿ ಇದು ಬಹಿಷ್ಕಾರಕ್ಕೆ ಸಾಕಾಗುವ ನಡೆ. ಆದರೆ ಪ್ರಸಂಗ ಆ ದಾರಿ ಹಿಡಿಯುವುದಿಲ್ಲ. ಮಡಿವಾಳ ಮಾಚಯ್ಯ ನಡುವೆ ಬಂದು ಲಿಂಗದ ಪರವಾಗಿ ಮಾತಾಡುತ್ತಾನೆ. ಚಂದಯ್ಯ ಕಾಯಕದ ಪರವಾಗಿ ಮಾತಾಡುತ್ತಾನೆ. ಕೊನೆಗೆ ಲಿಂಗವೂ ಕಾಯಕದಲ್ಲಿ ಪಾಲುಗೊಳ್ಳಬೇಕೆಂಬ ಕರಾರಿನ ಮೇಲೆ ಒಪ್ಪಂದವಾಗುತ್ತದೆ. ಮಾಚಯ್ಯ ಪೀಠದ ಅಧಿಪತಿಯಲ್ಲ, ಚಂದಯ್ಯನಂತೆಯೇ ದುಡಿಯುವ ಜೊತೆಗಾರ. ಅವನು ಚಂದಯ್ಯನ ಮಾತನ್ನು ಅಧಿಕಪ್ರಸಂಗವೆಂದು ಬದಿಗೆ ಸರಿಸುವುದಿಲ್ಲ. ಭಕ್ತಿಯ ಚರ್ಚೆಗೆ ಸೇರದ ಕಸುಬಿನ ಮಾತೆಂದು ಬೇರೆ ವರ್ಗಕ್ಕೆ ಹಾಕುವುದೂ ಇಲ್ಲ. ಕಾಯಕದ ಪ್ರಶ್ನೆಯನ್ನು ಲಿಂಗದ ಪ್ರಶ್ನೆಯ ಒಳಗೇ ಇರಿಸಿ ಎರಡನ್ನೂ ನಿಭಾಯಿಸುತ್ತಾನೆ. ಭಿನ್ನಮತದ ನಿರ್ವಹಣೆಗೆ ಕನ್ನಡ ಪರಂಪರೆ ಕೊಟ್ಟ ಮಾದರಿಗಳಲ್ಲಿ ಇದು ಅತ್ಯಂತ ಪ್ರೌಢವಾದುದು. ಪತಿ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಇದೇ ಧಾಟಿಯದು. ಅಲ್ಲಿ ಮನೆಯ ಮಾತು ತತ್ತ್ವದ ಮಾತಾಗಿ ಮಾನ್ಯತೆ ಪಡೆಯುತ್ತದೆ.

4. ಮಠಗಳ ಒಕ್ಕೂಟ ಮತ್ತು ಕಟ್ಟೆಮನೆ

ಶೂನ್ಯಸಂಪಾದನೆಯ ನಂತರದ ವಿರಕ್ತ ಪರಂಪರೆ ಮುರುಗಿ, ಕುಮಾರ, ಕೆಂಪಿನ, ಚೀಲಾಳ ಎಂಬ ಸಮಯಗಳಾಗಿ ಕವಲೊಡೆಯಿತು. ಈ ಸಮಯಗಳಿಗೆ ತಮ್ಮದೇ ಮಠಗಳು, ತಮ್ಮದೇ ಶಿಷ್ಯಸಂಪತ್ತು, ತಮ್ಮದೇ ಆಚಾರಗಳಿದ್ದವು. ಇವುಗಳ ನಡುವೆ ಸಾಮಾನ್ಯವಾಗಿದ್ದುದು ವಚನ ಮತ್ತು ಶೂನ್ಯಸಂಪಾದನೆಗಳ ಪ್ರಾಮಾಣ್ಯ. ಚಿತ್ರದುರ್ಗದ ಮುರುಘಾಮಠ ಮುರುಗಿ ಸಮಯದ ಪ್ರಧಾನ ಪೀಠವಾಗಿ ಬೆಳೆದು, ಬಿಚ್ಚುಗತ್ತಿ ಭರಮಣ್ಣನಾಯಕನ ಕಾಲದಲ್ಲಿ (1689–1721) ವಿಶೇಷವಾದ ರಾಜಾಶ್ರಯವನ್ನು ಪಡೆಯಿತು. ದಸರೆಯ ಸಂದರ್ಭದ ಶರಣಸಂಸ್ಕೃತಿ ಉತ್ಸವದಲ್ಲಿ ನಡೆದುಬಂದಿರುವ ಶೂನ್ಯಪೀಠಾರೋಹಣದ ವಿಧಿ ಅಲ್ಲಮನ ಅಧ್ಯಕ್ಷತೆಯ ಸ್ಮರಣೆಯನ್ನು ಸಾಂಕೇತಿಕವಾಗಿ ಉಳಿಸಿಕೊಂಡಿದೆ. ಇಲ್ಲೊಂದು ವಿರೋಧಾಭಾಸವಿದೆ. ಶೂನ್ಯವೆಂದರೆ ಯಾರ ಸ್ವತ್ತೂ ಅಲ್ಲದ ನೆಲೆ; ಪೀಠವೆಂದರೆ ಒಬ್ಬರು ಏರುವ ಆಸನ. ಚರ್ಚೆಗೆ ಅಧ್ಯಕ್ಷ ಬೇಕು, ಆದರೆ ಅಧ್ಯಕ್ಷತೆ ಸ್ವಾಮ್ಯವಾಗಬಾರದು ಎಂಬ ಆತಂಕ ಆ ಹೆಸರಿನಲ್ಲಿಯೇ ಅಡಗಿದೆ.

ಲಿಖಿತ ಪರಂಪರೆಯ ಆಚೆಗೂ ಇದೇ ಸೀಮೆಯಲ್ಲಿ ಒಕ್ಕೂಟದ ಗೋಷ್ಠಿಗಳಿವೆ. ಹಿರಿಯೂರು ಮತ್ತು ನೆರೆಯ ತಾಲ್ಲೂಕುಗಳ ಕಾಡುಗೊಲ್ಲರಲ್ಲಿ ಪ್ರತಿಯೊಂದು ಹಟ್ಟಿಯೂ ತನ್ನ ಯಜಮಾನರ ಮುಂದಾಳ್ತನದಲ್ಲಿ ತನ್ನ ವ್ಯವಹಾರಗಳನ್ನು ತೀರ್ಮಾನಿಸಿಕೊಳ್ಳುತ್ತಿತ್ತು. ಹಟ್ಟಿಯ ಮಿತಿಯನ್ನು ಮೀರಿದ ವಿಷಯ ಕಟ್ಟೆಮನೆಗೆ ಹೋಗುತ್ತಿತ್ತು. ಮ್ಯಾಸಬೇಡರಲ್ಲಿಯೂ ಕಟ್ಟೆಮನೆಯ ವ್ಯವಸ್ಥೆ ಇದೆ. ತೀ. ನಂ. ಶಂಕರನಾರಾಯಣ ಅವರಿಂದ ಮೊದಲುಗೊಂಡು ಈ ಭಾಗದ ಬುಡಕಟ್ಟುಗಳನ್ನು ಅಧ್ಯಯನ ಮಾಡಿದ ಜಾನಪದ ವಿದ್ವಾಂಸರು ಈ ಸಮುದಾಯಗಳ ಕಟ್ಟುಕಟ್ಟಳೆಗಳನ್ನು ದಾಖಲಿಸಿದ್ದಾರೆ. ಪ್ರಸ್ತುತ ಚರ್ಚೆಗೆ ಮುಖ್ಯವಾದುದು ಇದರ ತರ್ಕ: ವಿಷಯ ಯಾವ ವರ್ಗಕ್ಕೆ ಸೇರಿದುದು ಎಂಬುದರ ಮೇಲೆ ಅದನ್ನು ಎಲ್ಲಿ ಮಾತಾಡಬೇಕು ಎಂಬುದು ನಿರ್ಧಾರವಾಗುತ್ತದೆ, ಒಂದೆಡೆ ಆದ ತೀರ್ಮಾನವನ್ನು ಉಳಿದ ಹಟ್ಟಿಗಳು ಮನ್ನಿಸುತ್ತವೆ. ವಚನಗಳ ಸಂಕಲನಕಾರರ ನಡುವೆ ಇದ್ದ ಪರಸ್ಪರ ಮನ್ನಣೆಗೂ ಇದಕ್ಕೂ ಹೋಲಿಕೆಯಿದೆ.

ಆದರೆ ವ್ಯತ್ಯಾಸವೂ ಅಷ್ಟೇ ಮುಖ್ಯ. ಮುಟ್ಟಾದ ಮತ್ತು ಹೆರಿಗೆಯಾದ ಹೆಣ್ಣನ್ನು ಹಟ್ಟಿಯ ಹೊರಗಿರಿಸುವ ಆಚರಣೆ ಗೊಲ್ಲರಹಟ್ಟಿಗಳಲ್ಲಿ ದೀರ್ಘಕಾಲ ನಡೆದುಬಂದುದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ. ಈ ವಿಷಯವನ್ನು ದೇವರ ಕಟ್ಟಳೆಯ ವರ್ಗಕ್ಕೆ ಸೇರಿಸಿದ್ದರಿಂದ ಅದು ಚರ್ಚೆಗೆ ಬರುವ ಬಾಗಿಲೇ ಮುಚ್ಚಿತು. ಅದರಿಂದ ಬಾಧಿತಳಾದ ಹೆಣ್ಣಿಗೆ ಗೋಷ್ಠಿಯಲ್ಲಿ ಸ್ಥಾನವೂ ಇರಲಿಲ್ಲ. ತೀರ್ಮಾನ ಅನ್ಯಾಯದ್ದಾಗಿದ್ದರೆ ಮರಳಿ ವಿಚಾರಿಸಬಹುದು. ವರ್ಗೀಕರಣವೇ ಅನ್ಯಾಯದ್ದಾದಾಗ ವಿಚಾರಣೆ ಆರಂಭವಾಗುವುದೇ ಇಲ್ಲ. ಮುಟ್ಟಿನ ಸೂತಕವನ್ನು ನಿರಾಕರಿಸಿದ ಶರಣರ ಮಾತುಗಳು ಅದೇ ಜಿಲ್ಲೆಯ ಮಠಗಳಲ್ಲಿ ಪಠಣವಾಗುತ್ತಿದ್ದಾಗಲೂ ಹಟ್ಟಿಯವರೆಗೆ ತಲುಪಲಿಲ್ಲವೆಂಬುದು ಈ ಎರಡು ಗೋಷ್ಠಿಗಳ ನಡುವೆ ಸೇತುವೆ ಇರಲಿಲ್ಲವೆಂಬುದನ್ನು ತೋರಿಸುತ್ತದೆ.

5. ಆಧುನಿಕ ಸಂಪಾದನೆ: ಸಂಕೀರ್ಣವೆಂಬ ವರ್ಗ

ಇಪ್ಪತ್ತನೆಯ ಶತಮಾನದಲ್ಲಿ ವಚನಗಳು ಅಚ್ಚಿಗೆ ಬಂದಾಗ ವರ್ಗೀಕರಣದ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ (1923) ಹಲವು ವಚನಕಾರರ ಮಾತುಗಳನ್ನು ವಿಷಯಾನುಸಾರವಾಗಿ ಜೋಡಿಸಿತು. ವಚನಗಳನ್ನು ಒಂದು ಶಾಸ್ತ್ರವಾಗಿ ನಾಡಿನ ಮುಂದಿಡಬೇಕೆಂಬ ಅವರ ಉದ್ದೇಶಕ್ಕೆ ಆ ಕ್ರಮ ಅಗತ್ಯವಾಗಿತ್ತು. ಶಿ. ಶಿ. ಬಸವನಾಳರು 1951ರಲ್ಲಿ ಹೊರತಂದ ಬಸವಣ್ಣನವರ ಷಟ್‌ಸ್ಥಲದ ವಚನಗಳ ಆವೃತ್ತಿ ಹಸ್ತಪ್ರತಿಗಳ ಸ್ಥಲಾನುಕ್ರಮವನ್ನು ಶಾಸ್ತ್ರೀಯವಾಗಿ ಪುನಃಪ್ರತಿಷ್ಠಾಪಿಸಿತು. ಎಲ್. ಬಸವರಾಜು ಅವರ ‘ಅಲ್ಲಮನ ವಚನ ಚಂದ್ರಿಕೆ’ (1960) ಅಲ್ಲಮನ ಮಾತುಗಳನ್ನು ಸಂವಾದದ ಚೌಕಟ್ಟಿನಿಂದ ಬಿಡಿಸಿ ಕವಿಯೊಬ್ಬನ ವಚನಗಳಾಗಿ ಓದಲು ಅವಕಾಶ ಮಾಡಿಕೊಟ್ಟಿತು. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದಗಳಿಗೆ ಆಧಾರವಾದದ್ದು ಇಂಥ ಆವೃತ್ತಿಗಳು. ಹೊರನಾಡಿನ ಓದುಗರು ವಚನಗಳನ್ನು ಭಾವಗೀತೆಗಳಂತೆ ಓದುವುದರ ಹಿಂದೆ, ಗೋಷ್ಠಿಯಿಂದ ವಚನವನ್ನು ಬಿಡಿಸಿದ ಈ ಸಂಪಾದನ ಕ್ರಮದ ಪಾತ್ರವೂ ಇದೆ.

ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳ ಯೋಜನೆ ಈ ಎಲ್ಲ ಪ್ರಯತ್ನಗಳಿಗೆ ಕಲಶಪ್ರಾಯವಾದುದು. ಹದಿನೈದು ಸಂಪುಟಗಳ ಈ ಮಾಲಿಕೆಯಲ್ಲಿ ಕರ್ತೃವೇ ಮುಖ್ಯ ಘಟಕ. ಮೊದಲ ನಾಲ್ಕು ಸಂಪುಟಗಳು ಬಸವಣ್ಣ, ಅಲ್ಲಮ, ಚೆನ್ನಬಸವಣ್ಣ, ಸಿದ್ಧರಾಮರಿಗೆ ಮೀಸಲು, ಐದನೆಯದು ಶಿವಶರಣೆಯರದು, ಅನಂತರದವು ಸಂಕೀರ್ಣ ಸಂಪುಟಗಳು, ಕೊನೆಯದು ಪಾರಿಭಾಷಿಕ ಕೋಶ. ಚೆದುರಿದ್ದ ವಚನಗಳನ್ನು ಒಂದೆಡೆ ತಂದು ಸುಲಭ ಬೆಲೆಗೆ ಜನರ ಕೈಗಿತ್ತ ಈ ಕಾರ್ಯದ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆಯೇ.

ಆದರೂ ವಿಮರ್ಶೆಯ ದೃಷ್ಟಿಯಿಂದ ಎರಡು ಅಂಶಗಳನ್ನು ಗಮನಿಸಬೇಕಾಗುತ್ತದೆ. ಮೊದಲನೆಯದು, ಶಿವಶರಣೆಯರೆಂಬ ವರ್ಗ. ಮಹಾದೇವಿಯಕ್ಕ, ಮುಕ್ತಾಯಕ್ಕ, ಲಕ್ಕಮ್ಮ, ಸತ್ಯಕ್ಕ, ಕಾಳವ್ವೆ ಮೊದಲಾದವರು ಒಂದೇ ಸಂಪುಟದಲ್ಲಿ ಸೇರಿದ್ದರಿಂದ ಸ್ತ್ರೀ ವಚನಕಾರ್ತಿಯರ ಅಧ್ಯಯನಕ್ಕೆ ದೊಡ್ಡ ಪ್ರೇರಣೆ ದೊರೆಯಿತು. ಅದೇ ಸಮಯದಲ್ಲಿ ಲಕ್ಕಮ್ಮನ ಮಾತು ಮಾರಯ್ಯನ ಮಾತಿನಿಂದ, ಮುಕ್ತಾಯಕ್ಕನ ಪ್ರಶ್ನೆ ಅಲ್ಲಮನ ಉತ್ತರದಿಂದ ದೂರವಾಯಿತು. ಎರಡನೆಯದು, ಸಂಕೀರ್ಣವೆಂಬ ಹೆಸರು. ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಮಾದಾರ ಧೂಳಯ್ಯ, ಉರಿಲಿಂಗಪೆದ್ದಿ, ಮೇದರ ಕೇತಯ್ಯ ಮೊದಲಾದ ಕಾಯಕಜೀವಿಗಳ ವಚನಗಳು ಈ ಸಂಪುಟಗಳಲ್ಲಿವೆ. ವಚನಗಳ ಸಂಖ್ಯೆ ಕಡಿಮೆಯಿದ್ದವರನ್ನು ಕೂಡಿಸಿ ಕಟ್ಟುವುದು ಮುದ್ರಣದ ಅನಿವಾರ್ಯತೆ. ಅದರಲ್ಲಿ ದುರುದ್ದೇಶವನ್ನು ಕಾಣುವುದು ಅನ್ಯಾಯ. ಆದರೆ ಹೆಸರಿಗೆ ತನ್ನದೇ ಪರಿಣಾಮವಿದೆ. ಚಂದಯ್ಯನನ್ನು ತಮ್ಮ ಕುಲಪುರುಷನೆಂದು ಗೌರವಿಸುವ ಕುಳುವ ಸಮುದಾಯದ ಓದುಗನೊಬ್ಬ ಗ್ರಂಥಾಲಯದಲ್ಲಿ ಅವನನ್ನು ಹುಡುಕಿದಾಗ, ಸಂಪುಟದ ಬೆನ್ನಿನ ಮೇಲೆ ಕಾಣುವುದು ಚಂದಯ್ಯನ ಹೆಸರಲ್ಲ, ‘ಸಂಕೀರ್ಣ’ ಎಂಬ ಶಬ್ದ. ಶೂನ್ಯಸಂಪಾದನೆಯಲ್ಲಿ ತನ್ನ ಹೆಸರಿನ ಪ್ರಸಂಗವನ್ನೇ ಪಡೆದಿದ್ದ ಚಂದಯ್ಯ ಆಧುನಿಕ ವರ್ಗೀಕರಣದಲ್ಲಿ ‘ಇತರರು’ ಆಗಿದ್ದಾನೆ. ಹದಿನೈದನೆಯ ಶತಮಾನದ ಸಂಪಾದಕರು ಸಂಖ್ಯೆಯನ್ನು ನೋಡಲಿಲ್ಲ, ಚರ್ಚೆಯಲ್ಲಿ ಆ ಮಾತಿನ ತೂಕವನ್ನು ನೋಡಿದರು ಎಂಬ ಹೋಲಿಕೆ ಇಲ್ಲಿ ಬೋಧಪ್ರದವಾಗಿದೆ.

6. ಅಂಕಿತದ ವಿವಾದ

ಸ್ಥಲವನ್ನು ಬದಲಿಸಬಹುದು, ಅಂಕಿತವನ್ನು ಬದಲಿಸಬಾರದು ಎಂಬ ಅಲಿಖಿತ ನಿಯಮ ಬಹಿರಂಗವಾಗಿ ಪರೀಕ್ಷೆಗೆ ಒಳಗಾದದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ಚಿತ್ರದುರ್ಗ ಜಿಲ್ಲೆಯ ಸಾಸಲಹಟ್ಟಿಯಲ್ಲಿ ಜನಿಸಿದ ಮಾತೆ ಮಹಾದೇವಿಯವರು (1946–2019) ಬಸವಣ್ಣನವರ ವಚನಗಳ ಸಂಕಲನವಾದ ‘ಬಸವ ವಚನ ದೀಪ್ತಿ’ಯಲ್ಲಿ ಕೂಡಲಸಂಗಮದೇವ ಎಂಬ ಅಂಕಿತದ ಸ್ಥಾನದಲ್ಲಿ ಲಿಂಗದೇವ ಎಂಬುದನ್ನು ಬಳಸಿದರು. ನಾಡಿನಾದ್ಯಂತ ವಿರೋಧ ವ್ಯಕ್ತವಾಯಿತು. ರಾಜ್ಯ ಸರ್ಕಾರ 1998ರಲ್ಲಿ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು.

ಈ ಪ್ರಕರಣವನ್ನು ನೋಡುವಾಗ ಎರಡು ಅತಿರೇಕಗಳನ್ನು ತಪ್ಪಿಸಬೇಕು. ಅಂಕಿತಗಳು ಎಂದೂ ಚಲಿಸಿಯೇ ಇಲ್ಲವೆಂಬ ನಂಬಿಕೆ ಒಂದು ಅತಿರೇಕ. ಒಂದೇ ವಚನ ಎರಡು ಅಂಕಿತಗಳಲ್ಲಿ ದೊರೆಯುವುದು, ಪ್ರಸಿದ್ಧರ ಅಂಕಿತದಲ್ಲಿ ನಂತರದವರ ಪ್ರಕ್ಷಿಪ್ತ ವಚನಗಳು ಸೇರುವುದು ಹಸ್ತಪ್ರತಿಗಳಲ್ಲಿ ಕಂಡುಬರುವ ಸಂಗತಿ. ಗ್ರಂಥಸಂಪಾದನಶಾಸ್ತ್ರ ಇದನ್ನು ಪಾಠಾಂತರಗಳ ಮೂಲಕ ನಿರ್ವಹಿಸುತ್ತದೆ. ಸಂಪಾದಕ ಯಾವ ಪ್ರತಿಯಲ್ಲಿ ಏನಿದೆ ಎಂಬುದನ್ನು ತೋರಿಸಿ, ತನ್ನ ನಿರ್ಣಯಕ್ಕೆ ಕಾರಣ ಕೊಟ್ಟು, ಓದುಗನಿಗೆ ಭಿನ್ನಾಭಿಪ್ರಾಯದ ಅವಕಾಶವನ್ನು ಉಳಿಸುತ್ತಾನೆ. ಇಡೀ ಸಂಕಲನದುದ್ದಕ್ಕೂ ಅಂಕಿತವನ್ನು ಬದಲಿಸುವುದು ಈ ಶಿಸ್ತಿನ ಹೊರಗಿನ ಕ್ರಿಯೆ. ಅಲ್ಲಿ ಸಂಕಲನಕಾರ ನಿರ್ವಾಹಕನ ಸ್ಥಾನವನ್ನು ಬಿಟ್ಟು ಕರ್ತೃವಿನ ಸ್ಥಾನಕ್ಕೆ ಬರುತ್ತಾನೆ.

ಇನ್ನೊಂದು ಅತಿರೇಕವೆಂದರೆ ಇಂಥ ವಿವಾದಕ್ಕೆ ಮುಟ್ಟುಗೋಲೇ ಪರಿಹಾರವೆಂದು ಭಾವಿಸುವುದು. ಕಾನೂನಿನ ದೃಷ್ಟಿಯಿಂದ ಆ ಕ್ರಮ ಮಾನ್ಯವಾಗಿದೆ. ಆದರೆ ಗೋಷ್ಠಿಯ ಪರಂಪರೆಯ ದೃಷ್ಟಿಯಿಂದ ನೋಡಿದರೆ, ಶೂನ್ಯಸಂಪಾದನೆಯ ಭಿನ್ನ ಪಾಠಗಳಲ್ಲಿ ಯಾವುದನ್ನೂ ಯಾವ ಮಠವೂ ಸುಡಲಿಲ್ಲ; ಒಂದರ ಉತ್ತರವಾಗಿ ಇನ್ನೊಂದನ್ನು ರಚಿಸಿದರು. ತಿದ್ದಿದ ಪಾಠವೂ ತಿದ್ದದ ಪಾಠವೂ ಕೂಡಿಯೇ ಉಳಿದುದರಿಂದ ಸತ್ಯದ ಶೋಧನೆ ಸಾಧ್ಯವಾಯಿತು. ರಾಜ್ಯಶಕ್ತಿ ನಿರ್ವಾಹಕನಾದಾಗ ವಿವಾದ ಮುಗಿಯುತ್ತದೆ, ಚರ್ಚೆಯೂ ಮುಗಿಯುತ್ತದೆ.

7. ಗಣಕದ ಕಾಲದ ಗೋಷ್ಠಿ

ಓಲೆಗರಿಯಿಂದ ಅಚ್ಚಿಗೆ ಬಂದ ವಚನಗಳು ಈಗ ಗಣಕಕ್ಕೆ ಬಂದಿವೆ. ಪಾಣಿನಿಯ ಸೂತ್ರಗಳಿಗೆ ಗಣಕಾಷ್ಟಾಧ್ಯಾಯೀ ತಂತ್ರಾಂಶವನ್ನು ರೂಪಿಸಿದ ಸಿರಿಗೆರೆಯ ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳ ನೇತೃತ್ವದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಪದಶಃ ಹುಡುಕಲು ಸಾಧ್ಯವಾಗುವಂತೆ ಸಿದ್ಧವಾದವು. ಓ. ಎಲ್. ನಾಗಭೂಷಣಸ್ವಾಮಿ ಮತ್ತು ತಂತ್ರಜ್ಞ ಸಂಗಡಿಗರ ‘ವಚನ ಸಂಚಯ’ ಇದೇ ದಿಕ್ಕಿನ ಇನ್ನೊಂದು ಪ್ರಯತ್ನ. ಇಲ್ಲಿ ಸ್ಥಲ, ಸಂಪುಟ, ಸಂಕೀರ್ಣ ಎಂಬ ಗೋಡೆಗಳು ಕರಗುತ್ತವೆ. ‘ಹಗ್ಗ’ ಎಂಬ ಪದವನ್ನು ಹುಡುಕಿದವನಿಗೆ ಬಸವಣ್ಣನ ಮಾತೂ ಚಂದಯ್ಯನ ಮಾತೂ ಒಂದೇ ಪಂಕ್ತಿಯಲ್ಲಿ ಎದುರಾಗಬಹುದು. ಕಾಯಕಜೀವಿಗಳ ಧ್ವನಿಗೆ ಇದರಿಂದ ದೊರೆತ ಸಮಾನತೆ ಸಣ್ಣದಲ್ಲ.

ಆದರೆ ಗೋಡೆಗಳಿಲ್ಲದ ಮನೆಯಲ್ಲಿ ಸಂವಾದವೂ ಇಲ್ಲವಾಗುವ ಅಪಾಯವಿದೆ. ಪದದ ಹುಡುಕಾಟ ವಚನಗಳನ್ನು ಪಟ್ಟಿಯಾಗಿ ಕೊಡುತ್ತದೆ. ಒಂದು ಮಾತು ಇನ್ನೊಂದಕ್ಕೆ ಉತ್ತರವಾಗಿ ನಿಂತ ಬಗೆಯನ್ನು ಕೊಡುವುದಿಲ್ಲ. ಗಣಕದ ಆವೃತ್ತಿಗಳಲ್ಲಿ ಪ್ರತಿಯೊಂದು ವಚನದೊಂದಿಗೆ ಅದು ಯಾವ ಕಟ್ಟಿನಲ್ಲಿ ಯಾವ ಸ್ಥಲದಲ್ಲಿತ್ತು, ಯಾವ ಸಂಪಾದನೆಯಲ್ಲಿ ಯಾರ ಮಾತಿಗೆ ಎದುರಾಗಿತ್ತು ಎಂಬ ವಿವರವನ್ನು ಸೇರಿಸುವುದು ಮುಂದಿನ ಸಂಶೋಧಕರು ಕೈಗೊಳ್ಳಬೇಕಾದ ಕಾರ್ಯ. ಆಗ ಒಂದೇ ವಚನ ಹಲವು ವರ್ಗಗಳಲ್ಲಿ ಏಕಕಾಲಕ್ಕೆ ನೆಲೆಸಬಹುದು. ಓಲೆಗರಿಗೂ ಅಚ್ಚಿಗೂ ಸಾಧ್ಯವಾಗದಿದ್ದ ಔದಾರ್ಯ ಅದು.

ನೇರ ಗೋಷ್ಠಿಗಳ ಪರಂಪರೆಯೂ ಈ ಸೀಮೆಯಲ್ಲಿ ಬತ್ತಿಲ್ಲ. 1950ರಲ್ಲಿ ಜಗಳೂರಿನಲ್ಲಿ ಆರಂಭವಾದ ತರಳಬಾಳು ಹುಣ್ಣಿಮೆ ಮಹೋತ್ಸವ ವರ್ಷಕ್ಕೊಂದು ಊರಿನಂತೆ ಸಂಚರಿಸುತ್ತ ಧರ್ಮ, ಸಾಹಿತ್ಯ, ಕೃಷಿ, ವಿಜ್ಞಾನಗಳನ್ನು ಒಂದೇ ವೇದಿಕೆಗೆ ತಂದಿದೆ. ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಕಟ್ಟಿದ ಶಿವಸಂಚಾರ ನಾಟಕವನ್ನು ಚರ್ಚೆಯ ಮಾಧ್ಯಮವಾಗಿಸಿತು. ಅವರ ನೇತೃತ್ವದಲ್ಲಿ 2019ರ ಆಗಸ್ಟ್ ತಿಂಗಳಲ್ಲಿ ನಡೆದ ‘ಮತ್ತೆ ಕಲ್ಯಾಣ’ ಅಭಿಯಾನ ಜಿಲ್ಲೆಯಿಂದ ಜಿಲ್ಲೆಗೆ ಸಾಗಿ, ಸಾರ್ವಜನಿಕ ಸಭೆಗಿಂತ ಮೊದಲು ವಿದ್ಯಾರ್ಥಿಗಳೊಂದಿಗೆ ಸಂವಾದವನ್ನು ಇರಿಸಿಕೊಂಡಿತು. ವೇದಿಕೆಯ ಉಪನ್ಯಾಸಕ್ಕೆ ವಿಷಯ ಮೊದಲೇ ನಿಗದಿಯಾಗಿರುತ್ತದೆ. ವಿದ್ಯಾರ್ಥಿಯ ಪ್ರಶ್ನೆಗೆ ಇರುವುದಿಲ್ಲ. ಅಭಿಯಾನದ ಜೀವಾಳ ಆ ಭಾಗದಲ್ಲಿತ್ತೆಂದು ಹೇಳಬಹುದು.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿಲುವುಗಳಿಗೆ ಬರಬಹುದು. ಕೇಂದ್ರವಿಲ್ಲದ ಗೋಷ್ಠಿಗಳ ಒಕ್ಕೂಟದಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವ ಒಂದೇ ವರ್ಗೀಕರಣ ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಆರು ಸ್ಥಲಗಳು, ನೂರೊಂದು ಸ್ಥಲಗಳು, ವ್ಯಕ್ತಿಹೆಸರಿನ ಸಂಪಾದನೆಗಳು, ಕರ್ತೃಪ್ರಧಾನ ಸಂಪುಟಗಳು ಇವೆಲ್ಲವೂ ಒಂದೇ ರಾಶಿಯನ್ನು ಬೇರೆ ಬೇರೆ ಅಗತ್ಯಗಳಿಗಾಗಿ ಅಳೆದ ಕೊಳಗಗಳು. ಎರಡನೆಯದಾಗಿ, ಇಂಥ ಒಕ್ಕೂಟವನ್ನು ಹಿಡಿದಿಡುವುದು ವರ್ಗಗಳ ಏಕರೂಪತೆಯಲ್ಲ. ಮಾತಾಡಿದವರ ಗುರುತನ್ನು ಅಳಿಸುವುದಿಲ್ಲವೆಂಬ ಪರಸ್ಪರ ನಂಬಿಕೆ. ಮೂರನೆಯದಾಗಿ, ವಿಂಗಡಿಸಿದವರು ಯಾರೆಂಬುದು ಕಾಣುತ್ತಿರಬೇಕು. ಕಾಣುವ ಅಧ್ಯಕ್ಷನಿಗೆ ಮುಕ್ತಾಯಕ್ಕ ಎದುರು ಮಾತಾಡಬಲ್ಲಳು. ಕಾಣದ ಸಂಪಾದಕನಿಗೆ ಸಿದ್ಧರಾಮ ಎದುರು ಮಾತಾಡಲಾರ.

ನಾಲ್ಕನೆಯದು ಮತ್ತು ಮುಖ್ಯವಾದುದು: ಯಾವುದೇ ವರ್ಗೀಕರಣದ ಬೆಲೆಯನ್ನು ಅದರ ಕೊನೆಯ ವರ್ಗದಿಂದ ಅಳೆಯಬೇಕು. ಸಂಕೀರ್ಣ, ಇತರೆ, ದೇವರ ಕಟ್ಟಳೆ ಎಂಬ ಹೆಸರುಗಳ ಅಡಿಯಲ್ಲಿ ಯಾರನ್ನು ಇರಿಸಲಾಗಿದೆ, ಅಲ್ಲಿಂದ ಅವರು ಹೊರಬಂದು ನಡುಗೋಷ್ಠಿಯಲ್ಲಿ ಮಾತಾಡಲು ದಾರಿಯಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಲಾಗದ ವ್ಯವಸ್ಥೆ ಎಷ್ಟು ಶಾಸ್ತ್ರೀಯವಾಗಿದ್ದರೂ ಅಪೂರ್ಣ. ಕಳಚಿಬಿದ್ದ ಲಿಂಗವನ್ನು ಎತ್ತಿಕೊಳ್ಳದ ಹಗ್ಗದ ಕಾಯಕದವನಿಗೂ ಅವನ ಹೆಸರಿನಲ್ಲಿಯೇ ಒಂದು ಸಂಪಾದನೆಯನ್ನು ಮೀಸಲಿಟ್ಟ ಪರಂಪರೆಗೆ ಈ ಪ್ರಶ್ನೆ ಅಪರಿಚಿತವಾದುದಲ್ಲ.